ಮೂರನೆಯ ಸ್ಟೂಲು

ನಮ್ಮ ಊರಿನಲ್ಲಿ ಫುಟ್‌ಬಾಲ್ ಪಂದ್ಯದ ಸ್ಕೋರು ಮರುದಿನ ಬೆಳಗಿನವರೆಗೆ ಉಳಿಯುವುದಿಲ್ಲ. ಸಂಜೆ ಆಟ ಮುಗಿದಾಗ ಎಲ್ಲರಿಗೂ ಗೊತ್ತಿರುತ್ತದೆ. ಊಟಕ್ಕೆ ಕೂತಾಗಲೂ ಗೊತ್ತಿರುತ್ತದೆ. ಬೆಳಗ್ಗೆ ಎದ್ದು ಮುಖ ತೊಳೆಯುವ ಹೊತ್ತಿಗೆ ಹೋಗಿರುತ್ತದೆ. ಉಳಿದದ್ದೆಲ್ಲ ಇದ್ದಲ್ಲೇ ಇರುತ್ತದೆ. ಯಾರು ಎಡಗಾಲಿನಲ್ಲಿ ಹೊಡೆದರು, ಯಾರು ಜಾರಿ ಬಿದ್ದು ಮೊಣಕೈ ತರಚಿಸಿಕೊಂಡರು, ಎಮ್ಮೆ ಯಾವ ಕಡೆಯಿಂದ ಮೈದಾನಕ್ಕೆ ನುಗ್ಗಿತು, ಎಲ್ಲವೂ ನೆನಪಿರುತ್ತದೆ. ಚೆಂಡು ಬಲೆಗೆ ಬಿದ್ದದ್ದೂ ನೆನಪಿರುತ್ತದೆ. ಎಷ್ಟು ಸಲ ಬಿತ್ತು, ಯಾರ ಪಾಲಿಗೆ ಬಿತ್ತು ಎಂದು ಬೆರಳು ಮಡಚಲು ಹೊರಟರೆ ಮಾತ್ರ ಎರಡನೆಯ ಬೆರಳಿಗೇ ಗೊಂದಲವಾಗುತ್ತದೆ. ಕಾಗದದಲ್ಲಿ ಬರೆದಿಟ್ಟರೆ ಕಾಗದ ಬಿಳಿಯಾಗಿರುತ್ತದೆ. ಒಮ್ಮೆ ಬಸ್ ಕಂಡಕ್ಟರನೊಬ್ಬ ಟಿಕೆಟ್ಟಿನ ಹಿಂದೆ ಸ್ಕೋರು ಬರೆದು ಜೇಬಿನಲ್ಲಿಟ್ಟುಕೊಂಡು ಹೋದ. ಮರುದಿನ ಬಂದು ಟಿಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಯಾಕೆ ಜೇಬಿನಲ್ಲಿಟ್ಟಿದ್ದೆ ಎಂದು ನಮ್ಮನ್ನೇ ಕೇಳಿದ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಡೊಳ್ಳು ಬಾರಿಸುತ್ತಾರೆ, ಎರಡೂ ಓಣಿಯಲ್ಲಿ ಬುಂದೆ ಹಂಚುತ್ತಾರೆ. ಸೋತವರು ಬೇಗ ಮಲಗುತ್ತಾರೆ, ಗೆದ್ದವರು ಆದಷ್ಟು ತಡವಾಗಿ ಮಲಗುತ್ತಾರೆ, ಅಷ್ಟೇ ವ್ಯತ್ಯಾಸ. ವರ್ಷದ ಕಪ್ ಯಾರ ಮನೆಗೂ ಹೋಗುವುದಿಲ್ಲ. ಅದು ಗಂಗಕ್ಕನ ಚಹಾದಂಗಡಿಯಲ್ಲಿದೆ, ಅದರಲ್ಲಿ ಅವಳು ಚಮಚಗಳನ್ನು ಇಡುತ್ತಾಳೆ.

ಇಂಥ ಊರಿನಲ್ಲಿ ಒಬ್ಬ ಕೋಚ್ ದೊಡ್ಡವನೋ ಅಲ್ಲವೋ ಎಂದು ಹೇಳುವುದು ಹೇಗೆ? ಅದಕ್ಕೊಂದು ಪದ್ಧತಿ ಇದೆ. ಕೋಚ್ ಕೆಲಸ ಬಿಟ್ಟ ವಾರವೇ ಊರು ಮೂರು ಸಂಜೆ ಮೈದಾನದಲ್ಲಿ ಸೇರುತ್ತದೆ. ಎಲ್ಲರೂ ನಿಂತುಕೊಂಡೇ ಶುರು ಮಾಡುತ್ತಾರೆ. ಯಾರು ಬೇಕಾದರೂ ಮಾತಾಡಬಹುದು. ಇವನು ದೊಡ್ಡವನು ಎಂದು ಒಪ್ಪಿದವರು ಇದ್ದಲ್ಲೇ ನೆಲದ ಮೇಲೆ ಕೂಡುತ್ತಾರೆ. ಮೂರನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬರೂ ನಿಂತಿರದಿದ್ದರೆ, ಆ ಕೋಚ್ ಪಂದ್ಯದ ದಿನ ಕೂಡುತ್ತಿದ್ದ ಸ್ಟೂಲನ್ನು ಬೇವಿನ ಮರದ ಕಟ್ಟೆಯ ಮೇಲೆ ಇಡುತ್ತಾರೆ. ಆಮೇಲೆ ಅದರ ಮೇಲೆ ಯಾರೂ ಕೂಡುವಂತಿಲ್ಲ. ಒಬ್ಬನೇ ಒಬ್ಬ ನಿಂತಿದ್ದರೂ ಸ್ಟೂಲು ಗಂಗಕ್ಕನ ಅಂಗಡಿಗೆ ಹೋಗುತ್ತದೆ, ಗಿರಾಕಿಗಳಿಗೆ. ಕಟ್ಟೆಯ ಮೇಲೆ ಇದ್ದದ್ದು ಎರಡೇ ಸ್ಟೂಲು. ಗಂಗಕ್ಕನ ಅಂಗಡಿಯಲ್ಲಿ ಹದಿನಾಲ್ಕು.

ಹುಸೇನಿ ಮಾಸ್ತರು ಬಾವಿಕಟ್ಟಿ ಓಣಿಯ ತಂಡವನ್ನು ಇಪ್ಪತ್ತಾರು ವರ್ಷ ನಡೆಸಿದರು. ಈ ವರ್ಷ ಮಂಡಿ ಕೈಕೊಟ್ಟವು. ಸೀಟಿಯನ್ನು ಕೊರಳಿನಿಂದ ತೆಗೆದು ಚೆಂಡುಕೋಣೆಯ ಮೊಳೆಗೆ ತೂಗುಹಾಕಿ, "ಸಾಕು ಮಗಳ" ಎಂದರು. ಮಗಳ ಎಂದದ್ದು ನನಗೆ. ನಾನು ಅವರ ಮಗಳಲ್ಲ. ಚೆಂಡುಕೋಣೆಯಲ್ಲಿ ಕೂತು ಚೆಂಡಿನ ಹೊಲಿಗೆ ಬಿಚ್ಚಿದರೆ ಹೊಲಿಯುವವಳು, ಜರ್ಸಿಗೆ ನಂಬರು ಹಚ್ಚುವವಳು. ಹೆಸರು ಶೇವಂತಿ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟೆ. ಓದು ಬರುತ್ತಿರಲಿಲ್ಲವೆಂದಲ್ಲ. ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ಬಾಯಿಂದ ಧ್ವನಿ ಹೊರಡುತ್ತಿರಲಿಲ್ಲ. ಇದ್ದೂ ಗೈರುಹಾಜರಿ ಬೀಳುತ್ತಿತ್ತು. ಗೈರಾಗಿಯೇ ಇದ್ದರೆ ಒಳ್ಳೆಯದಲ್ಲವೇ ಎಂದು ಅತ್ತೆಯ ಹೊಲಿಗೆ ಅಂಗಡಿಗೆ ಬಂದು ಕೂತೆ. ಮಾತು ಕಡಿಮೆಯಾದವರಿಗೆ ಕಣ್ಣು ಬಿಡುವಿಲ್ಲದೆ ಕೆಲಸ ಮಾಡುತ್ತದೆ. ಯಾರ ಜರ್ಸಿ ಎಲ್ಲಿ ಹರಿದಿದೆ ಎಂದು ನೋಡಿ, ಅವನು ಹೇಗೆ ಬಿದ್ದ ಎಂದು ಹೇಳಬಲ್ಲೆ. ಯಾರಿಗೂ ಹೇಳುವುದಿಲ್ಲ, ಅಷ್ಟೇ.

ಮಾಸ್ತರ ಪದ್ಧತಿಯೊಂದಿತ್ತು. ಉಳಿದ ಕೋಚ್‌ಗಳೆಲ್ಲ ಮುಂದಿನ ಪಂದ್ಯದ ತಂಡವನ್ನು ಆಟ ಮುಗಿದ ಸಂಜೆಯೇ ಆರಿಸುತ್ತಾರೆ. ಸ್ಕೋರು ಇನ್ನೂ ಬಿಸಿ ಇರುತ್ತದೆ, ಸಿಟ್ಟೋ ಸಂತೋಷವೋ ಕೈಯಲ್ಲಿರುತ್ತದೆ, ಯಾರನ್ನು ಇಡಬೇಕು ಯಾರನ್ನು ತೆಗೆಯಬೇಕು ಎಂಬುದು ಸುಲಭ. ಮಾಸ್ತರು ಬೆಳಗಿನವರೆಗೆ ಕಾಯುತ್ತಿದ್ದರು. ಮುಖ ತೊಳೆದು, ಚಹಾ ಕುಡಿದು, ಸ್ಕೋರು ತಲೆಯಿಂದ ಪೂರ್ತಿ ಹೋಗಿದೆ ಎಂದು ಖಾತ್ರಿಯಾದ ಮೇಲೆ ಸುಣ್ಣದ ಕಡ್ಡಿ ಹಿಡಿದು ಚೆಂಡುಕೋಣೆಯ ತಗಡಿನ ಬಾಗಿಲ ಮೇಲೆ ಹನ್ನೊಂದು ಹೆಸರು ಬರೆಯುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ ಅವರು ಈ ಪದ್ಧತಿ ಮುರಿದರು. ಅದು ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಎಂಟು ವರ್ಷ ಬಾಯಿ ಬಿಡಲಿಲ್ಲ. ಆ ಸಲದ ಗುರುತು ನನ್ನ ಹೊಲಿಗೆ ಮೇಜಿನ ಕೆಳಗಿನ ಟ್ರಂಕಿನಲ್ಲಿ ಮಡಚಿ ಮಲಗಿತ್ತು.

ಎಂಟು ವರ್ಷದ ಹಿಂದೆ, ಆ ವರ್ಷದ ಕೊನೆಯ ಪಂದ್ಯ ಎಣ್ಣೆಗಿರಣಿ ತಂಡದ ಜೊತೆ ಇತ್ತು. ನಮ್ಮ ಗೋಲ್‌ಕೀಪರ್ ಜಟ್ಟೆಪ್ಪ. ಆಳು ಬಾಗಿಲಿನಷ್ಟು ಎತ್ತರ, ಕೈ ಮೊರದಷ್ಟು ಅಗಲ. ಪಂದ್ಯದ ಕಡೆಯಲ್ಲಿ ಒಂದು ಚೆಂಡು ಬಂತು. ಬಂತು ಎನ್ನುವುದಕ್ಕಿಂತ ಉರುಳಿತು ಎನ್ನಬೇಕು, ಮಗುವಿನ ಕೈಯಿಂದ ಜಾರಿದ ಹಾಗೆ. ಜಟ್ಟೆಪ್ಪ ಬಗ್ಗಿದ. ಚೆಂಡು ಅವನ ಎರಡು ಕಾಲುಗಳ ನಡುವೆ ನಿಧಾನಕ್ಕೆ ಹಾದು, ಗೆರೆ ದಾಟಿ ನಿಂತಿತು. ಇದನ್ನು ಊರಲ್ಲಿ ಯಾರೂ ಮರೆತಿಲ್ಲ. ಅದರಿಂದ ನಾವು ಸೋತೆವೋ, ಅಥವಾ ಆಗಲೇ ನಾಲ್ಕು ಗೋಲು ಮುಂದಿದ್ದೆವೋ, ಯಾರಿಗೂ ಗೊತ್ತಿಲ್ಲ.

ಆ ಸಂಜೆ ದೀಪ ಹಚ್ಚುವುದಕ್ಕಿಂತ ಮುಂಚೆ ಮಾಸ್ತರು ಅತ್ತೆಯ ಅಂಗಡಿಗೆ ಬಂದರು. ಅತ್ತೆ ಇರಲಿಲ್ಲ. ಕೈಯಲ್ಲಿ ಹಸಿರು ಬಣ್ಣದ ಹೊಸ ಜರ್ಸಿ. "ಇದಕ್ಕ ಒಂದನೇ ನಂಬರ ಹಚ್ಚು. ಜಟ್ಟೆಪ್ಪನ ಅಳತಿ. ಮುಂದಿನ ವರ್ಷದ್ದು" ಎಂದರು. ನಾಳೆ ಕೊಡಲೇ ಎನ್ನುವಂತೆ ನೋಡಿದೆ. "ನಾಳೆ ಬ್ಯಾಡ. ಈಗಽ ಹಚ್ಚು, ಈಗಽ ಅವನ ಮನಿಗೆ ಒಯ್ದು ಕೊಡು. ಸ್ಕೋರು ಅವನ ತಲ್ಯಾಗ ಇರೂವಾಗಽ ಅವನ ಕೈಗೆ ಮುಟ್ಟಬೇಕು. ನಾಳೆ ಕೊಟ್ರ ಅದು ಬರೇ ಅರಿವಿ." ಬಾಗಿಲ ತನಕ ಹೋಗಿ ತಿರುಗಿದರು. "ನಾನಽ ಹೋದ್ರ, ಕನಿಕರ ತೋರಸಾಕ ಬಂದಾರ ಅಂತಾನ. ನೀ ಹೋಗಿ ಬಾ. ಏನೂ ಹೇಳೂದು ಬ್ಯಾಡ, ಕೊಟ್ರ ಸಾಕು."

ಹೊಲಿದೆ. ಅವಸರದಲ್ಲಿ ಒಂದರ ಅಂಕಿಯ ಬುಡ ಸ್ವಲ್ಪ ಸೊಟ್ಟಗಾಯಿತು. ಎದೆಗವಚಿಕೊಂಡು ಜಟ್ಟೆಪ್ಪನ ಮನೆಗೆ ಹೋದೆ. ಮನೆಯ ಜಗಲಿಯ ಮೇಲೆ ಹತ್ತು ಹನ್ನೆರಡು ಗಂಡಸರು ಸೇರಿದ್ದರು. ಒಬ್ಬ ಕಾಲು ಅಗಲಿಸಿ ಬಗ್ಗಿ ನಿಂತಿದ್ದ, ಇನ್ನೊಬ್ಬ ಅವನ ಕಾಲುಗಳ ನಡುವೆ ಲಿಂಬೆಹಣ್ಣು ಉರುಳಿಸುತ್ತಿದ್ದ. ಹಣ್ಣು ಹಾದುಹೋದಾಗಲೆಲ್ಲ ನಗು ಸಿಡಿಯುತ್ತಿತ್ತು. ಒಳಗಿನ ಬಾಗಿಲು ಮುಚ್ಚಿತ್ತು. ಒಬ್ಬ ನನ್ನ ಕಡೆ ತಿರುಗಿ, "ಯಾರು ಬೇಕವ್ವಾ?" ಎಂದ. ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಹಾಜರಿಯಲ್ಲಿ ನಿಂತಿದ್ದ ಧ್ವನಿ ಅಲ್ಲಿಯೂ ನಿಂತಿತು. ತಿರುಗಿ ಬಂದೆ. ಬೆಳಗ್ಗೆ ಕೊಟ್ಟರಾಯಿತು ಎಂದುಕೊಂಡೆ. ಬೆಳಗ್ಗೆ ಎದ್ದಾಗ ಸ್ಕೋರು ಹೋಗಿತ್ತು. ಕೈಯಲ್ಲಿದ್ದದ್ದು ಬರೇ ಅರಿವೆ.

ಅದೇ ಬೆಳಗ್ಗೆ ಮಾಸ್ತರು ಬಾಗಿಲ ಮೇಲೆ ಮುಂದಿನ ವರ್ಷದ ತಂಡ ಬರೆದರು. ಒಂದನೆಯ ಸಾಲು ಖಾಲಿ ಬಿಟ್ಟು ಎರಡರಿಂದ ಶುರು ಮಾಡಿದರು. ಒಂದನೆಯವನಿಗೆ ಹಿಂದಿನ ಸಂಜೆಯೇ ಹೇಳಿಯಾಗಿದೆ, ಜರ್ಸಿ ತೊಟ್ಟು ಬಂದಾಗ ಅವನ ಕೈಯಿಂದಲೇ ಬರೆಸಿದರಾಯಿತು ಎಂದು ಅವರ ಲೆಕ್ಕ. ಜಟ್ಟೆಪ್ಪ ದೂರದಿಂದ ಬಾಗಿಲು ನೋಡಿದ. ಖಾಲಿ ಸಾಲು ನೋಡಿದ. ಹತ್ತಿರ ಬರದೇ ತಿರುಗಿ ಹೋದ, ಸುಣ್ಣದ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದ. ಮಾಸ್ತರು ನನ್ನನ್ನು ಕೇಳಿದರು, "ಜರ್ಸಿ ಕೊಟ್ಟಿ ಹೌದಿಲ್ಲೋ ಮಗಳ?" ನಾನು ಹೌದೆಂದು ತಲೆಯಾಡಿಸಿದೆ. "ಏನಂದ?" ಏನೂ ಇಲ್ಲವೆಂದು ತಲೆಯಾಡಿಸಿದೆ. ನನ್ನ ಜೀವನದ ಅತಿ ದೊಡ್ಡ ಸುಳ್ಳಿಗೆ ಒಂದು ಮಾತೂ ಖರ್ಚಾಗಲಿಲ್ಲ. ಅವರು ಒಂದು ವಾರ ಆ ಸಾಲನ್ನು ಖಾಲಿ ಇಟ್ಟರು. "ಒಲ್ಲದವನ್ನ ಎಳಕೊಂಡು ಬರಬಾರದು" ಎಂದು ಕೊನೆಗೆ ಬೇರೆ ಹೆಸರು ಬರೆದರು. ಮುಂದಿನ ತಿಂಗಳು ನನ್ನನ್ನು ಚೆಂಡುಕೋಣೆಗೆ ಕರೆದು ಕೆಲಸ ಕೊಟ್ಟರು. ಟ್ರಂಕು ನನ್ನ ಜೊತೆಯೇ ಬಂತು.

ಈಗ ಈ ವರ್ಷದ ಮೂರು ಸಂಜೆಗಳಿಗೆ ಬರುತ್ತೇನೆ. ಯಾರ ಬಗ್ಗೆ ವಾದವೋ ಆ ಕೋಚ್ ಕಣ್ಣಿಗೆ ಬೀಳಬಾರದು ಎಂಬುದು ಪದ್ಧತಿ. ಹೀಗಾಗಿ ಮಾಸ್ತರು ಮೂರೂ ಸಂಜೆ ಚೆಂಡುಕೋಣೆಯಲ್ಲಿ ನನ್ನ ಎದುರು ಗೋಣಿಚೀಲದ ಮೇಲೆ ಕೂತಿದ್ದರು. ಅವರ ಸ್ಟೂಲು ಹೊರಗೆ ಎಲ್ಲರ ಮಧ್ಯೆ ಇತ್ತು. ಕೋಣೆಯ ಗೋಡೆ ತಗಡಿನದು. ಹೊರಗೆ ಯಾರಾದರೂ ನಿಟ್ಟುಸಿರು ಬಿಟ್ಟರೂ ಒಳಗೆ ಕೇಳುತ್ತದೆ. ಮಾಸ್ತರು ಕೇಳದವರ ಹಾಗೆ ನನ್ನ ಸೂಜಿಗಳಿಗೆ ದಾರ ಪೋಣಿಸುತ್ತ ಕೂತರು. ಕಣ್ಣು ಮಂಜಾಗಿದ್ದರಿಂದ ಒಂದು ಸೂಜಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ನಾನೂ ಕೇಳದವಳ ಹಾಗೆ ಚೆಂಡು ಹೊಲಿದೆ.

ಮೊದಲ ಸಂಜೆ ಕ್ಷೌರದ ಅಂಬಣ್ಣನೇ ಎದ್ದುಬಿದ್ದು ಮಾತಾಡಿದ. ಅವನು ಹಿಂದೆ ಮಾಸ್ತರ ತಂಡದಲ್ಲಿ ಆಡಿದವನು. ಆದರೆ ಅವನ ದೇವರು ಕಟ್ಟೆಯ ಮೇಲಿನ ಎರಡನೆಯ ಸ್ಟೂಲಿನ ಒಡೆಯ ಧೂಳಪ್ಪ. "ಧೂಳಪ್ಪ ಅಂದ್ರ ಕೋಚ್! ಪಂದ್ಯಾ ಮುಗದ ಸಂಜಿ ಪಟ್ಟಿ ಬರಿಯಾಕ ನಿಂತ್ರ ಸುಣ್ಣದ ಕಡ್ಡಿ ಪಟಪಟ ಮುರೀತಿದ್ವು. ಆಟಗಾರ ಗಡಗಡ ನಡುಗಬೇಕು. ಬೆಂಕಿ ಇಲ್ಲದ ಒಲಿ ಮ್ಯಾಲೆ ಏನು ಬೇಯ್ತೈತಿ? ಇವರು ನೋಡಿದ್ರ, ಬೆಳಿಗ್ಗೆ ಎದ್ದು ಚಾ ಕುಡುದು, ಎಲ್ಲಾ ಆರಿ ತಣ್ಣಗಾದ ಮ್ಯಾಲೆ ಆರಸ್ತಾರ!"

"ಎಲೋ ಅಂಬ್ಯಾ, ನಿನ್ನ ಕತ್ತರಿಗೂ ಅಷ್ಟ ಬೆಂಕಿ ಇದ್ದಿದ್ರ ನನ್ನ ಮೊಮ್ಮಗನ ಕಿವಿ ಉಳೀತಿತ್ತೇನು?" ಎಂದಳು ಗಂಗಕ್ಕ. ಜನ ನಕ್ಕರು. "ಸೋತ ಸಿಟ್ಟಿನ್ಯಾಗ ಆರಸೂದು ಯಾರಿಗೆ ಬರೂದಿಲ್ಲ? ನನಗೂ ಬರ್ತೈತಿ. ಸೋತದ್ದು ಮರತ ಮ್ಯಾಲೆ ಒಬ್ಬನ್ನ ಬ್ಯಾಡ ಅನಬೇಕಂದ್ರ ಅವನ ಆಟ ನೋಡಿರಬೇಕಾಗತೈತಿ, ಅವನ ಕಾಲು ನೋಡಿರಬೇಕಾಗತೈತಿ. ದೊಡ್ಡ ಕೋಚ್ ಅಂದ್ರ ನೋಡಾವ."

"ನೋಡಾವ ದೊಡ್ಡವ ಆದ್ರ ನಮ್ಮ ಗಿರಣಿ ವಾಚಮನ್ನಽ ದೊಡ್ಡವ!" ಎಂದ ಅಂಬಣ್ಣ. "ಗೆದ್ದದ್ದಾದ್ರೂ ಹೇಳ್ರಿ. ಇಪ್ಪತ್ತಾರು ವರ್ಷದಾಗ ಎಷ್ಟು ಗೆದ್ದಾರ?" ಎಂದು ಯಾರೋ ಹಿಂದಿನಿಂದ ಕೂಗಿದರು. ಮೈದಾನವೇ ನಕ್ಕಿತು. ಕೇಳಿದವನೂ ನಕ್ಕ. ಒಳಗೆ ಮಾಸ್ತರು ದಾರದ ತುದಿಯನ್ನು ತುಟಿಗೆ ಹಚ್ಚಿ ಒದ್ದೆ ಮಾಡುತ್ತ, "ಅಂಬಣ್ಣ ಹೇಳೂದು ಖರೇನಽ ಐತಿ. ನನಗ ಕಡ್ಡಿ ಮುರಿಯಾಕ ಬರಲಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಎರಡನೆಯ ಸಂಜೆ ಜಗಳ ಬಿಟ್ಟು ಜನ ಒಬ್ಬೊಬ್ಬರಾಗಿ ತಮ್ಮ ಕತೆ ಹೇಳಿದರು. ಒಬ್ಬ ಹೇಳಿದ: ಅವನ ಹೆಂಡತಿಗೆ ಹೆರಿಗೆ ನೋವು ಬಂದ ಸುದ್ದಿ ಅರ್ಧ ಆಟದಲ್ಲಿ ಬಂತು, ಮಾಸ್ತರು ಅವನನ್ನು ಮನೆಗೆ ಅಟ್ಟಿ ಉಳಿದ ಹತ್ತು ಜನರನ್ನೇ ಆಡಿಸಿದರು. ಬದಲಿ ಆಟಗಾರ ಕೂತೇ ಇದ್ದ. ಯಾಕೆ ಇಳಿಸಲಿಲ್ಲ ಎಂದು ಕೇಳಿದ್ದಕ್ಕೆ, "ಅವನ ಜಾಗಾ ಖಾಲಿ ಇದ್ರ ಉಳದವ್ರಿಗೆ ಅವ ಎಲ್ಲಿ ನಿಂತಿರ್ತಿದ್ದ ಅನ್ನೂದು ತಿಳೀತೈತಿ" ಎಂದಿದ್ದರಂತೆ. ಇನ್ನೊಬ್ಬ ಎರಡು ವರ್ಷ ಬರೇ ಬೆಂಚಿನ ಮೇಲೆ ಕೂತಿದ್ದವನು. ಪ್ರತಿ ಪಂದ್ಯದ ಮರುದಿನ ಮಾಸ್ತರು ಅವನ ಹತ್ತಿರ ಬಂದು, "ನೀ ಕೂತಲ್ಲಿಂದ ಏನು ಕಾಣಿಸ್ತು? ನನಗ ಆ ಕಡೆ ಕಾಣೂದಿಲ್ಲ" ಎಂದು ಕೇಳುತ್ತಿದ್ದರಂತೆ. ಅದನ್ನು ಹೇಳಿ ಅಲ್ಲೇ ಕೂತುಬಿಟ್ಟ. ಒಬ್ಬರ ಹಿಂದೆ ಒಬ್ಬರು ಕೂತರು. ಮಣ್ಣಿನ ಮೇಲೆ ಬಟ್ಟೆ ಸವರುವ ಸದ್ದು ತಗಡಿನ ಆಚೆ ಅಲೆಯಲೆಯಾಗಿ ಕೇಳುತ್ತಿತ್ತು. ಕೊನೆಗೆ ಅಂಬಣ್ಣನೂ ಕೂತ. "ಒಪ್ಪಿ ಕೂತಿಲ್ಲ ಮತ್ತ! ಮುಂಜಾನಿಂದ ನಿಂತು ಹಜಾಮತಿ ಮಾಡೀನಿ, ಕಾಲು ನೋಯ್ತಾವ, ಅದಕ್ಕ ಕೂತೀನಿ."

"ಯಾಕ ಕೂತಿ ಅಂತ ಯಾರು ಕೇಳ್ಯಾರ? ಕೂತದ್ದು ಕೂತದ್ದಽ" ಎಂದಳು ಗಂಗಕ್ಕ. ಅದು ನಿಜ. ಪದ್ಧತಿಯಲ್ಲಿ ಕಾರಣಕ್ಕೆ ಜಾಗವಿಲ್ಲ.

ತಗಡಿನ ಸಂದಿಯಿಂದ ನಾನು ನೋಡುತ್ತಲೇ ಇದ್ದೆ. ಎರಡೂ ಸಂಜೆ ಒಬ್ಬ ಮನುಷ್ಯ ಗೋಲ್‌ಪೋಸ್ಟಿಗೆ ಭುಜ ಆನಿಸಿ ನಿಂತಿದ್ದ. ಮೈ ತುಂಬ ಸುಣ್ಣದ ಪುಡಿ, ಹುಬ್ಬೂ ಬಿಳಿ. ಚೆಂಡು ಹಾದುಹೋದದ್ದು ಅದೇ ಗೋಲಿನಲ್ಲಿ. ಜಟ್ಟೆಪ್ಪ ಒಂದು ಮಾತೂ ಆಡಿರಲಿಲ್ಲ, ಕೂತೂ ಇರಲಿಲ್ಲ. ನಾನು ಆ ರಾತ್ರಿ ಮನೆಯಲ್ಲಿ ಊಟ ಬಿಟ್ಟೆ. ನನ್ನೊಬ್ಬಳ ಸುಳ್ಳಿನಿಂದ ಮಾಸ್ತರ ಸ್ಟೂಲು ಚಹಾದಂಗಡಿಗೆ ಹೋಗುವುದರಲ್ಲಿತ್ತು.

ಮೂರನೆಯ ಸಂಜೆ ಇನ್ನೂರು ಜನ ಕೂತಿದ್ದರು, ಅವನೊಬ್ಬ ನಿಂತಿದ್ದ. ಸೂರ್ಯ ಗಿರಣಿಯ ಚಿಮಣಿಗೆ ತಾಗಿತ್ತು. "ಜಟ್ಟೆಪ್ಪಾ, ನಿಲ್ಲು, ಬ್ಯಾಡ ಅನ್ನೂದಿಲ್ಲ. ಆದ್ರ ಯಾಕ ನಿಂತಿ ಅಂತ ಹೇಳಿ ನಿಲ್ಲೋ ನನ್ನಪ್ಪಾ" ಎಂದಳು ಗಂಗಕ್ಕ.

ಅವನು ಕಂಬದಿಂದ ಭುಜ ತೆಗೆದ. "ನಾ ಅವರನ್ನ ಸಣ್ಣವರು ಅನ್ನಾಕ ನಿಂತಿಲ್ಲಕ್ಕಾ. ನನಗ ಗೋಲ್ ಹಿಡಿಯೂದು ಕಲಿಸಿದವರು ಅವರು. ಆದ್ರ ಮೂರು ದಿನದಿಂದ ನೀವೆಲ್ಲಾ ಏನಂದು ಹೊಗಳಾಕ ಹತ್ತೀರಿ? ಸ್ಕೋರು ಮರತ ಮ್ಯಾಲೆ ಆರಸ್ತಾರ, ಅದಕ್ಕ ದೊಡ್ಡವರು ಅಂತೀರಿ. ಆ ಚೆಂಡು ನನ್ನ ಕಾಲಾಗ ಹೋತು. ಅದು ಪಂದ್ಯಾ ನುಂಗಿತೋ ಇಲ್ಲೋ, ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಬಾಗಲದ ಮ್ಯಾಲೆ ಒಂದನೇ ಸಾಲು ಖಾಲಿ ಇತ್ತು. ಬ್ಯಾರೆಯವರ ಹೆಸರೂ ಇರಲಿಲ್ಲ. ಸಿಟ್ಟಿನ್ಯಾಗ ತೆಗದಿದ್ರ ನಾಲ್ಕು ದಿನಕ್ಕ ಮರೀತಿದ್ದೆ. ಸ್ಕೋರು ಮರತ ಮ್ಯಾಲೂ ನಾ ಬ್ಯಾಡಾದೆ ಅಂದ್ರ, ನನ್ನ ಆಟ ಅಲ್ಲ, ನಾನಽ ಬ್ಯಾಡಾದೆ ಅಂದಂಗಲ್ಲೇನು?"

ಒಳಗೆ ಮಾಸ್ತರ ಕೈಯಿಂದ ಸೂಜಿ ಬಿತ್ತು. ಅವರು ನನ್ನ ಕಡೆ ನೋಡಿದರು. "ಜರ್ಸಿ ಮುಟ್ಟಿತ್ತಲ್ಲ ಅವಗ?" ಎಂದು ಮೆಲ್ಲಗೆ ಕೇಳಿದರು, ಹೌದೆನ್ನಲಿ ಎಂದು ಕಾಯುವವರ ಹಾಗೆ.

ನಾನು ಟ್ರಂಕು ಎಳೆದೆ. ಎಂಟು ವರ್ಷದ ಮಡಿಕೆ ಬಿಚ್ಚಿ ಜರ್ಸಿಯನ್ನು ಅವರ ಮುಂದೆ ಹಿಡಿದೆ. "ಕೊಡಲಿಲ್ರಿ" ಎಂದೆ. "ಮನಿ ತನಕ ಹೋಗಿದ್ದೆ. ಜನಾ ಇದ್ರು. ಬಾಯಿ ಬರಲಿಲ್ಲ. ನಿಮಗ ಸುಳ್ಳು ಗೋಣು ಹಾಕಿದೆ."

ಮಾಸ್ತರು ಜರ್ಸಿಯ ಮೇಲಿನ ಒಂದರ ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಸೊಟ್ಟಗಾದ ಬುಡದವರೆಗೆ. ಬೈಯಲಿ ಎಂದು ಕಾದೆ. "ನೀ ಆಗ ಎಷ್ಟು ವರ್ಷದಾಕಿ?" ಎಂದರು.

"ಹದಿನೈದು."

"ನಾ ಐವತ್ತೆಂಟು" ಎಂದರು. "ಇಬ್ಬರಾಗ ಹೋಗಿ ಒಂದು ಮಾತು ಕೇಳಬೇಕಾದವರು ಯಾರು?" ಕೈ ಚಾಚಿದರು. "ಕೊಡು, ಈಗಾದ್ರೂ ನಾ ಹೋಗ್ತೀನಿ."

ನನಗೇ ಆಶ್ಚರ್ಯವಾಗುವಂತೆ ನಾನು ಜರ್ಸಿ ಬಿಡಲಿಲ್ಲ. "ಬ್ಯಾಡ್ರಿ. ಒಯ್ದು ಕೊಡು ಅಂತ ಹೇಳಿದ್ದು ನನಗ" ಎಂದೆ.

ಚೆಂಡುಕೋಣೆಯಿಂದ ಆ ಗೋಲ್‌ಪೋಸ್ಟಿಗೆ ನಲವತ್ತೆರಡು ಹೆಜ್ಜೆ. ಕೂತವರ ನಡುವೆ ದಾರಿ ಮಾಡಿಕೊಂಡು ನಡೆದೆ. "ಅದು ಶೇವಂತಿ ಅಲ್ಲೇನು?" "ಮೂಕಿ ಅನ್ಕೊಂಡಿದ್ನಲ್ಲೋ ನಾ." "ಸುಮ್ನಿರೋ." ಕಾಲ ಕೆಳಗಿನ ಹುಲ್ಲು ನೋಡುತ್ತ ನಡೆದೆ. ಸುಣ್ಣ ಹತ್ತಿದ ಎರಡು ದೊಡ್ಡ ಪಾದ ಕಂಡಾಗ ನಿಂತೆ.

"ಜಟ್ಟೆಪ್ಪಣ್ಣ" ಎಂದೆ. ಎಂಟು ವರ್ಷ ತಡವಾಗಿ ಹೆಸರು ಹೊರಗೆ ಬಂತು. ಹೆಸರು ಬಂದ ಮೇಲೆ ಉಳಿದದ್ದು ತಾನೇ ಹಿಂದಿನಿಂದ ಬಂತು. "ಇದು ನಿಮ್ಮದು. ಮಾಸ್ತರು ಆ ಸಂಜಿನಽ ಹೊಲಿಸಿದ್ರು. ದೀಪಾ ಹಚ್ಚೂಕಿಂತ ಮುಂಚೆ. ಆಗ ಸ್ಕೋರು ಎಲ್ಲಾರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಗೊತ್ತಿದ್ದಽ ಮುಂದಿನ ವರ್ಷಕ್ಕ ಒಂದನೇ ನಂಬರ ನಿಮಗ ಅಂದ್ರು. ಸ್ಕೋರು ನಿಮ್ಮ ತಲ್ಯಾಗ ಇರೂವಾಗಽ ಮುಟ್ಟಬೇಕು ಅಂತ ನನ್ನ ಕೈಯಾಗ ಕಳಿಸಿದ್ರು. ನಿಮ್ಮ ಜಗಲಿ ತನಕ ಬಂದಿದ್ದೆ. ಲಿಂಬಿಹಣ್ಣು ಉರುಳಸಾಕ ಹತ್ತಿದ್ರು. ನಾ ಅಂಜಿ ತಿರಗಿ ಹೋದೆ. ಕೊಟ್ಟೀನಿ ಅಂತ ಅವರಿಗೆ ಸುಳ್ಳು ಹೇಳಿದೆ. ನೀವು ಬರತೀರಿ ಅಂತಽ ಆ ಸಾಲು ಒಂದು ವಾರ ಖಾಲಿ ಇಟ್ಟಿದ್ರು."

ಕೂತವರ ನಡುವಿನಿಂದ ಅಂಬಣ್ಣನ ಧ್ವನಿ ಬಂತು. ಅಷ್ಟು ಸಣ್ಣ ಧ್ವನಿ ಅವನಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಲಿಂಬಿಹಣ್ಣು ನಂದು" ಎಂದ.

ಜಟ್ಟೆಪ್ಪ ಜರ್ಸಿ ತಗೊಂಡ. ಹಸಿರಿನ ಮೇಲೆ ಅವನ ಬೆರಳುಗಳ ಸುಣ್ಣ ಹತ್ತಿತು. "ಅಂದ್ರ ಸೋತಿದ್ವೇನು ತಂಗಿ?" ಎಂದು ನನ್ನೊಬ್ಬಳಿಗೇ ಕೇಳುವಂತೆ ಕೇಳಿದ.

"ಗೊತ್ತಿಲ್ಲಣ್ಣ. ಮಾಸ್ತರ ಕಣ್ಣು ಕೆಂಪಗಿದ್ವು. ಸೋತದ್ದಕ್ಕೋ ಧೂಳಿಗೋ, ಅದು ನೆನಪಿಲ್ಲ."

ಅವನು ತಲೆಯಾಡಿಸಿದ. ಬೆನ್ನನ್ನು ಕಂಬಕ್ಕೆ ಹಚ್ಚಿ, ಬಟ್ಟೆಗೆ ಸುಣ್ಣದ ಗೆರೆ ಎಳೆಯುತ್ತ, ನಿಧಾನಕ್ಕೆ ಕೆಳಗೆ ಜಾರಿ ಕೂತ. ಜರ್ಸಿ ತೊಡೆಯ ಮೇಲಿತ್ತು. ಈಗ ಇಡೀ ಮೈದಾನದಲ್ಲಿ ನಿಂತಿದ್ದವಳು ನಾನೊಬ್ಬಳೇ. ಇನ್ನೂರು ಮುಖ ನನ್ನ ಮೇಲೆ. "ಕೂಡವ್ವಾ ಶೇವಂತಿ, ನೀನಽ ಉಳದಿ!" ಎಂದು ಗಂಗಕ್ಕ ಕೂಗಿದಳು. ನಿಂತಲ್ಲೇ ಧೊಪ್ಪನೆ ಕೂತೆ. ಯಾರೋ ಚಪ್ಪಾಳೆಗೆ ಕೈ ಎತ್ತಿದರು.

ಆಗ ತಗಡಿನ ಬಾಗಿಲು ಕಿರುಗುಟ್ಟಿತು. ಮಾಸ್ತರು ಹೊರಗೆ ಬಂದಿದ್ದರು. ಹಾಗೆ ಬಂದದ್ದು ಊರಲ್ಲಿ ಹಿಂದೆ ಎಂದೂ ಆಗಿರಲಿಲ್ಲ. ತಮ್ಮ ಸ್ಟೂಲಿನಿಂದ ಹತ್ತು ಹೆಜ್ಜೆ ದೂರ ಬಂದು ನಿಂತು, "ನಾ ಒಪ್ಪೂದಿಲ್ಲ" ಎಂದರು.

"ಮಾಸ್ತರ, ನೀವು ಲೆಕ್ಕಕ್ಕಿಲ್ರಿ!" ಎಂದ ಅಂಬಣ್ಣ.

"ಮೈದಾನದಾಗ ನಿಂತಾವ ಲೆಕ್ಕಕ್ಕ ಅದಾನ. ಎಂಟು ವರ್ಷ ಅವನ ಮನಿ ಮುಂದಽ ಮಸೀದಿಗೆ ಹೋಗೀನಿ. ಒಂದು ದಿನ ಬಾಗಲಾ ಬಡದು, ಯಾಕ ಬರಲಿಲ್ಲೋ ಜಟ್ಟ್ಯಾ ಅಂತ ಕೇಳಲಿಲ್ಲ. ಅವ ಒಲ್ಲೆ ಅಂದಾನ ಅಂತ ನಾನಽ ತಿಳಕೊಂಡು ಕೂತೆ. ಈ ಹುಡುಗಿ ಅಂಜಿದ್ಲು. ನನಗ ಸೊಕ್ಕು. ಹುಡುಗರ ಕಾಲು ನೋಡಿದೆ, ಆಟ ನೋಡಿದೆ. ಬಾಗಲದಾಚೆ ಕೂತಾವನ್ನ ನೋಡಲಿಲ್ಲ. ಹಿಂಥಾವ ದೊಡ್ಡವ ಆದ್ರ ಕಟ್ಟಿ ಮ್ಯಾಲೆ ಜಾಗಾ ಸಾಲೂದಿಲ್ಲ."

ಕೋಚ್ ತಾನೇ ನಿಂತರೆ ಏನು ಮಾಡಬೇಕೆಂದು ಹಿರಿಯರು ಹೇಳಿಟ್ಟಿರಲಿಲ್ಲ. ಮಾಸ್ತರು ನಿಂತೇ ಇದ್ದರು. ಬಲಮಂಡಿ ಪಂಚೆಯೊಳಗೆ ನಡುಗುವುದು ನನಗೆ ಕಾಣುತ್ತಿತ್ತು. ಸೂರ್ಯ ಚಿಮಣಿಯ ಹಿಂದೆ ಅರ್ಧ ಇಳಿದಿದ್ದ.

ಜಟ್ಟೆಪ್ಪ ಎದ್ದ. "ಲೇ, ನೀ ಮತ್ತ ನಿಂತ್ಯಾ?" ಎಂದು ಯಾರೋ ಗಾಬರಿಯಾದರು. "ನಿಂತಿಲ್ಲೋ, ನಡ್ಯಾಕ ಹತ್ತೀನಿ" ಎಂದ ಅವನು. ನಡೆಯುತ್ತಲೇ ಜರ್ಸಿಯನ್ನು ಅಂಗಿಯ ಮೇಲೆಯೇ ತೊಟ್ಟ. ಎಂಟು ವರ್ಷ ಭಟ್ಟಿಯ ಕಲ್ಲು ಹೊತ್ತ ಭುಜ, ಜರ್ಸಿ ಹೊಟ್ಟೆಯ ಮೇಲಕ್ಕೇ ನಿಂತಿತು. ಸ್ಟೂಲನ್ನು ಒಂದು ಕೈಯಲ್ಲಿ ಎತ್ತಿಕೊಂಡು ಹೋಗಿ ಮಾಸ್ತರ ಹಿಂದೆ ಇಟ್ಟ. ಅವರ ಮೊಣಕೈ ಹಿಡಿದ.

"ಮಂಡಿ ಹೆಂಗ ಅದಾವ್ರಿ ಮಾಸ್ತರ?"

"ಇದ್ದಂಗ ಅದಾವು." ಮಾಸ್ತರು ಜರ್ಸಿ ನೋಡಿದರು. "ಗಿಡ್ಡಾತಲ್ಲೋ ಜಟ್ಟ್ಯಾ."

"ತಡಾ ಆತಲ್ರೀ. ಕೂಡ್ರಿ ಈಗ."

ಮಾಸ್ತರು ಇನ್ನೊಂದು ಗಳಿಗೆ ನಿಂತರು. ಆಮೇಲೆ ಮಂಡಿಗಳು ತಾವಾಗಿಯೇ ಬಾಗಿದವು. ಅವರು ಸ್ಟೂಲಿನ ಮೇಲೆ ಕೂತರು. ಜಟ್ಟೆಪ್ಪ ಅವರ ಕಾಲ ಹತ್ತಿರ ನೆಲದ ಮೇಲೆ ಕೂತ.

"ಕೂತದ್ದು ಕೂತದ್ದಽ!" ಎಂದು ಅಂಬಣ್ಣ ಕಿರುಚಿದ. ಗಂಗಕ್ಕ ದೀಪ ಹಚ್ಚಿದಳು.

ಅದು ಒಪ್ಪಿಗೆಯೋ ಮಂಡಿನೋವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಸ್ಟೂಲು ಕಟ್ಟೆಯ ಮೇಲೆ ಮೂರನೆಯದಾಗಿ ಇದೆ. ಆದರೆ ಮಾಸ್ತರು ದಿನಾ ಸಂಜೆ ಬಂದು ಅದರ ಮೇಲೆಯೇ ಕೂಡುತ್ತಾರೆ. ಯಾರಾದರೂ ಕೇಳಿದರೆ, ನಾ ಕೂತೀನಿ ಅಂದ ಮೇಲೆ ಇದು ಬರೇ ಸ್ಟೂಲು ಎನ್ನುತ್ತಾರೆ. ಜಟ್ಟೆಪ್ಪ ಭಟ್ಟಿಯ ಕೆಲಸ ಮುಗಿಸಿ ಬಂದು ಗೋಲ್‌ಕೀಪರ್‌ಗಳಿಗೆ ಕಲಿಸುತ್ತಾನೆ.

ಮೊನ್ನೆ ಗಿರಣಿ ತಂಡದ ಜೊತೆ ಪಂದ್ಯವಿತ್ತು. ನಮ್ಮ ಹೊಸ ಗೋಲ್‌ಕೀಪರ್ ಸಾದಿಕನ ಕೈಯಿಂದ ಒಂದು ಚೆಂಡು ಸೋಪಿನ ಹಾಗೆ ಜಾರಿ ಬಲೆಗೆ ಹೋಯಿತು. ಸಂಜೆ ನಾನು ಮೇಜು ಸರಿಮಾಡುತ್ತಿದ್ದೆ. ಜಟ್ಟೆಪ್ಪ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಹೊಸ ಜರ್ಸಿ. ಅದನ್ನು ಮೇಜಿನ ಮೇಲಿಟ್ಟ. ನಾನು ಸೂಜಿ ತಗೊಂಡೆ. ದೀಪ ಹಚ್ಚುವುದಕ್ಕಿಂತ ಮುಂಚೆ ಹೊಲಿದು ಮುಗಿಸಿದೆ. ಈ ಸಲ ಒಂದರ ಬುಡ ನೆಟ್ಟಗಿತ್ತು.

ಸಾದಿಕನ ಮನೆಯ ಮುಂದೆ ಜನ ಸೇರಿದ್ದರು. ಒಬ್ಬ ಒದ್ದೆ ಸೋಪನ್ನು ಕೈಯಿಂದ ಕೈಗೆ ಜಾರಿಸಿ ತೋರಿಸುತ್ತಿದ್ದ, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನನ್ನು ನೋಡಿ ನಗು ನಿಂತಿತು. "ಯಾರು ಬೇಕವ್ವಾ?" ಎಂದ ಒಬ್ಬ.

"ಸಾದಿಕ್" ಎಂದೆ. ಒಳಗಿನವರಿಗೂ ಕೇಳಲಿ ಎಂದು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದೆ.